ಹರಪ್ಪಾ ಉತ್ಖನನ ಕಿಟ್: ಅಗೆಯುವ ಗಟ್ಟಿಗಿಂತ ಇಟ್ಟಿಗೆ ಅಚ್ಚೇ ವಾಸಿ

ರಜೆ ಹತ್ತಿರ ಬಂದರೆ ದಾವಣಗೆರೆಯ ಆಟಿಕೆ ಅಂಗಡಿ, ಸ್ಟೇಷನರಿ ಅಂಗಡಿಗಳಲ್ಲಿ ಈ ಡಬ್ಬ ಮುಂದಿನ ಸಾಲಿಗೆ ಬರುತ್ತದೆ. ಮುಚ್ಚಳದ ಮೇಲೆ ಒಂಟಿ ಕೊಂಬಿನ ಪ್ರಾಣಿಯ ಮುದ್ರೆ, ಸುತ್ತಿಗೆ ಹಿಡಿದ ಹುಡುಗ, ‘ನೀವೇ ಪುರಾತತ್ವಜ್ಞರಾಗಿ’ ಎಂಬ ಸಾಲು. ಇದೇ ಸರಕು ಎರಡು ಮೂರು ಹೆಸರಿನಲ್ಲಿ ಸಿಗುವುದರಿಂದ ಕಂಪನಿ ಯಾವುದೆಂದು ತಲೆಕೆಡಿಸಿಕೊಳ್ಳುವುದು ಬೇಡ, ಒಳಗಿನ ಸಾಮಾನು ನೋಡಿದರೆ ಗುರುತು ಸಿಗುತ್ತದೆ. ಬೆಲೆ 1,150 ರೂಪಾಯಿ ಆಸುಪಾಸು. ಎಂಟರಿಂದ ಹದಿಮೂರು ವರ್ಷದವರಿಗೆ ಎಂದು ಬರೆದಿದ್ದಾರೆ. ಹತ್ತರ ಒಳಗಿನವರಾದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು.

ಡಬ್ಬದೊಳಗೆ 12×12×6 ಸೆಂ.ಮೀ. ಅಳತೆಯ, ಸುಮಾರು ಒಂದು ಕೆ.ಜಿ. ತೂಗುವ ಪ್ಲಾಸ್ಟರ್ ಗಟ್ಟಿ ಇದೆ. ಅದರೊಳಗೆ ಆರು ಪುಟ್ಟ ಪ್ರತಿಕೃತಿಗಳನ್ನು ಹುದುಗಿಸಿಟ್ಟಿದ್ದಾರೆ. ಜೊತೆಗೆ ಪ್ಲಾಸ್ಟಿಕ್ ಉಳಿ, ಸುತ್ತಿಗೆ, ಬ್ರಷ್, ಮುದ್ರೆ ಮಾಡುವ ಎರಡು ಸಿಲಿಕೋನ್ ಅಚ್ಚು, 2×4×8 ಸೆಂ.ಮೀ.ನ ಒಂದು ಇಟ್ಟಿಗೆ ಅಚ್ಚು. 250 ಗ್ರಾಂ ಜೇಡಿಮಣ್ಣು. ಪ್ಲಾಸ್ಟಿಕ್ ದಂಡದ ತಕ್ಕಡಿ, ಐದು ಮರದ ತೂಕದ ಘನಗಳು. ಗೋಡೆಗೆ ಹಚ್ಚುವ ನಕ್ಷೆ. 24 ಪುಟದ ಇಂಗ್ಲಿಷ್ ಪುಸ್ತಿಕೆ, ಅದರ ಸಾರ ಎಂದು ಒಂದು ಹಾಳೆ ಕನ್ನಡ. ಆ ಕನ್ನಡ ಹಾಳೆಯನ್ನು ಎತ್ತಿಟ್ಟುಬಿಡಿ, ಓದಿದರೆ ಮಗುವಿಗೆ ತಲೆಬುಡ ತಿಳಿಯುವುದಿಲ್ಲ.

ಜನ ಡಬ್ಬ ಕೊಳ್ಳುವುದು ಗಟ್ಟಿ ಒಡೆಯುವ ಆಸೆಗೆ. ಇಡೀ ಡಬ್ಬದಲ್ಲಿ ಅತಿ ಕಳಪೆ ಭಾಗವೂ ಅದೇ. ಕಾಸಿಗೆ ತಕ್ಕ ಕಜ್ಜಾಯ ಸಿಗುವುದು ಯಾರ ಕಣ್ಣಿಗೂ ಬೀಳದ ಇಟ್ಟಿಗೆ ಅಚ್ಚು ಮತ್ತು ತಕ್ಕಡಿಯಲ್ಲಿ. ಅವನ್ನೂ ಒಂಚೂರು ರಿಪೇರಿ ಮಾಡಿಕೊಳ್ಳಬೇಕು.

ಗಟ್ಟಿಯ ಮಾತು ಮೊದಲು ಮುಗಿಸೋಣ. ಪ್ಲಾಸ್ಟರ್‌ಗೆ ಮರಳು ಬೆರೆಸಿ ಎರಕ ಹೊಯ್ದಿದ್ದಾರೆ. ಒಣಗಿದ್ದಾಗ ಉಳಿ ಹಾಕಿದರೆ ಸಣ್ಣ ಧೂಳು ಏಳುತ್ತದೆ, ಮೂಗಿಗೆ ಹೋಗುವಂಥದ್ದು. ಒಳಗೆ ಕೂತು ಮಾಡಬೇಡಿ. ತಾರಸಿ ಅಥವಾ ಹಿತ್ತಿಲಲ್ಲಿ, ಕೆಳಗೆ ಹಳೇ ಪೇಪರ್ ಹಾಸಿ, ಮೂಗಿಗೆ ಮಾಸ್ಕ್ ಹಾಕಿಸಿ. ಹತ್ತು ನಿಮಿಷ ನೀರಲ್ಲಿಟ್ಟು ತೆಗೆದರೆ ಧೂಳು ಬಹುತೇಕ ನಿಲ್ಲುತ್ತದೆ, ಉಳಿಯೂ ಸಲೀಸಾಗಿ ಇಳಿಯುತ್ತದೆ. ಆ ನೀರನ್ನು ಮಾತ್ರ ಅಡುಗೆಮನೆ ಸಿಂಕಿಗೆ ಸುರಿಯಬೇಡಿ; ಪುಡಿ ಪೈಪಿನ ಬಾಗಿನಲ್ಲಿ ಕೂತು ಕಟ್ಟಿಕೊಂಡರೆ ಪ್ಲಂಬರ್ ಖರ್ಚು ಡಬ್ಬದ ಬೆಲೆ ದಾಟುತ್ತದೆ. ಸುತ್ತಿಗೆ ಜೋರಾದರೆ ಒಳಗಿನ ಎತ್ತಿನ ಗಾಡಿಯ ಚಕ್ರ ಮುರಿಯುವುದು ಗ್ಯಾರಂಟಿ, ಅಚ್ಚಿನ ಕಡ್ಡಿ ಅಷ್ಟು ತೆಳು.

ಪ್ರತಿಕೃತಿಗಳಲ್ಲಿ ‘ನರ್ತಕಿ’ಯನ್ನು ಹತ್ತಿರದಿಂದ ನೋಡಿ. ಮೊಹೆಂಜೊದಾರೊದ ಮೂಲ ಕಂಚಿನ ಮೂರ್ತಿ 10.5 ಸೆಂ.ಮೀ. ಎತ್ತರದ್ದು. ಬಲಗೈ ಸೊಂಟದ ಮೇಲಿದೆ, ಆ ಕೈಯಲ್ಲಿ ನಾಲ್ಕೇ ಬಳೆ. ಇಳಿಬಿಟ್ಟ ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಬಳೆಯ ಸಾಲು. ಡಬ್ಬದ ಗೊಂಬೆಯಲ್ಲಿ ಎಡಬಲ ಅದಲು ಬದಲಾಗಿದೆ, ಯಾರೋ ಫೋಟೊ ತಿರುಗಿಸಿ ಅಚ್ಚು ತೆಗೆದಿರಬೇಕು. ಮೂಲದ ಚಿತ್ರವನ್ನು ಪಕ್ಕದಲ್ಲಿಟ್ಟು ‘ತಪ್ಪು ಹುಡುಕು’ ಎಂದರೆ ಮಗು ಮೂರ್ತಿಯನ್ನು ಅಷ್ಟು ಗಮನವಿಟ್ಟು ಬೇರೆ ಯಾವಾಗಲೂ ನೋಡಲಾರದು. ದೋಷದಿಂದಾದ ಲಾಭ ಅಂದರೆ ಇಷ್ಟೇ.

ಗಟ್ಟಿಯ ದೊಡ್ಡ ದೋಷ ಬೇರೆ ಇದೆ. ಆರೂ ವಸ್ತು ಒಂದೇ ಮಟ್ಟದಲ್ಲಿ, ಒಂದೇ ಬಣ್ಣದ ಪ್ಲಾಸ್ಟರ್‌ನಲ್ಲಿವೆ. ಸುತ್ತಲಿನದು ಕಸ, ನಡುವಿನದು ನಿಧಿ. ಮಗು ಕಲಿಯುವುದು ನಿಧಿ ಶೋಧವನ್ನು. ನಿಜವಾದ ಉತ್ಖನನದಲ್ಲಿ ಸುತ್ತಲಿನ ಮಣ್ಣೇ ಅರ್ಧ ಮಾತಾಡುತ್ತದೆ: ಯಾವ ಪದರ, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು. ಎತ್ತಿದ ಮೇಲೆ ಇದಾವುದೂ ತಿರುಗಿ ಸಿಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯವರಿಗೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ಸಿಂಧ್‌ವರೆಗೆ ಹೋಗಬೇಕಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆಸಿದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದರು. ತಳದಲ್ಲಿ ನಯಗೊಳಿಸಿದ ಕಲ್ಲುಕೊಡಲಿ, ಕೈಯಲ್ಲೇ ಮಾಡಿದ ಬೂದು ಮಡಕೆ. ಅದರ ಮೇಲೆ ಕಬ್ಬಿಣ ಮತ್ತು ಕಪ್ಪು-ಕೆಂಪು ಮಡಕೆಯ ಬೃಹತ್ ಶಿಲಾ ಕಾಲ, ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದವರದು. ಎಲ್ಲಕ್ಕೂ ಮೇಲೆ ತಿಗರಿಯಲ್ಲಿ ತಿರುಗಿಸಿದ ಸಾತವಾಹನ ಕಾಲದ ಮಡಕೆ. ಮೇಲಿನ ಪದರದಲ್ಲಿ ಸಿಕ್ಕ, ಸುತ್ತ ಚುಕ್ಕೆಗೆರೆ ಉರುಳಿಸಿದ ಒಂದು ಬಗೆಯ ತಟ್ಟೆಯ ಚೂರು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲೂ ಸಿಕ್ಕಿತ್ತು. ಅಲ್ಲಿ ಅದರ ಜೊತೆ ಕಾಲ ಗೊತ್ತಿರುವ ಇಟಲಿಯ ಮಡಕೆ ಇತ್ತು. ಹೀಗೆ ಇಟಲಿಯ ಚೂರಿನಿಂದ ಅರಿಕಮೇಡಿಗೆ, ಅಲ್ಲಿಂದ ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಕಾಲ ಸಿಕ್ಕಿತು. ಅದರ ಕೆಳಗಿದ್ದದ್ದೆಲ್ಲ ಅದಕ್ಕಿಂತ ಹಳೆಯದು. ಎಷ್ಟು ಹಳೆಯದು ಎಂಬುದರಲ್ಲಿ ವ್ಹೀಲರ್ ಅಂದಾಜು ತೀರಾ ಕಡಿಮೆಯಾಯಿತು. ಮುಂದೆ ವಸ್ತುವಿನ ವಯಸ್ಸು ಹೇಳುವ ಇಂಗಾಲದ ಪರೀಕ್ಷೆ ಬಂದ ಮೇಲೆ ದಕ್ಷಿಣದ ಕಲ್ಲುಕೊಡಲಿ ಜನರ ಕಾಲ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಯಿತು. ಆದರೆ ಅವರು ಗುರುತಿಸಿದ ಪದರದ ಕ್ರಮ ಹಾಗೇ ನಿಂತಿತು. ಪ್ಲಾಸ್ಟರ್ ಗಟ್ಟಿಯಲ್ಲಿ ಇಲ್ಲದ್ದು ಈ ಕ್ರಮವೇ.

ಹಾಗಾಗಿ ಗಟ್ಟಿಯನ್ನು ಪಕ್ಕಕ್ಕಿಟ್ಟು ಪದರದ ಟಬ್ ಮಾಡಿಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಟಬ್, 30×20 ಸೆಂ.ಮೀ. ತಳ, 20 ಸೆಂ.ಮೀ. ಎತ್ತರ ಸಾಕು. ಇದಕ್ಕಿಂತ ದೊಡ್ಡದು ಬೇಡ. ಇಷ್ಟಕ್ಕೇ ಹದಿನಾಲ್ಕು ಹದಿನೈದು ಕೆ.ಜಿ. ಮಣ್ಣು ಹಿಡಿಯುತ್ತದೆ, ತುಂಬಿದ ಮೇಲೆ ಎತ್ತಲು ಹೋದರೆ ಟಬ್ ಬಾಗಿ ಪದರಗಳು ಬಿರಿಯುತ್ತವೆ. ಎಲ್ಲಿ ಅಗೆಯಬೇಕೋ ಅಲ್ಲೇ ಇಟ್ಟು ತುಂಬಿ. ನಾಲ್ಕು ಬದಿಗೂ ಹೊರಗಿನಿಂದ ಪೇಪರ್ ಅಂಟಿಸಿ, ಮಗು ಇಣುಕಬಾರದು.

ತಳಕ್ಕೆ 4 ಸೆಂ.ಮೀ. ಮರಳು, ಅದರಲ್ಲಿ ಏನೂ ಇಡಬೇಡಿ; ಮನುಷ್ಯ ಬರುವ ಮುಂಚಿನ ಪದರ ಅದು. ಅದರ ಮೇಲೆ ಬೂದಿ ಬೆರೆಸಿದ ಮಣ್ಣು 4 ಸೆಂ.ಮೀ. ಬೂದಿಗೆ ದಾವಣಗೆರೆಯಲ್ಲಿ ಬರವಿಲ್ಲ, ಸೌದೆ ಒಲೆ ಉರಿಸುವ ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆಳಗಿನ ವ್ಯಾಪಾರ ಮುಗಿದ ಮೇಲೆ ಕೇಳಿದರೆ ಒಂದು ಡಬ್ಬಿ ಕೊಡುತ್ತಾರೆ. ಪೂರ್ತಿ ತಣ್ಣಗಾಗಿದೆಯೇ ನೋಡಿಕೊಂಡು ತನ್ನಿ. ಈ ಪದರದಲ್ಲಿ ಚೂಪಾದ ಕಲ್ಲಿನ ಚಕ್ಕೆ, ಕೈಯಲ್ಲಿ ತಟ್ಟಿ ಒಣಗಿಸಿದ ಮಣ್ಣಿನ ಚೂರು, ನಾಲ್ಕು ಹುರುಳಿ ಕಾಳು. ಮೂರನೆಯದು ಕೆಮ್ಮಣ್ಣು: ತುಕ್ಕು ಹಿಡಿದ ಮೊಳೆ, ಕಪ್ಪು ಮಡಕೆಯ ಚೂರು. ಮೇಲಿನದು ಎರೆಮಣ್ಣು: ಕೆಂಪು ಮಡಕೆಯ ಬಾಯಿಯ ಚೂರು, ಮಣಿ, ಒಂದು ಹಳೇ ನಾಣ್ಯ. ಗಾಜಿನ ಬಳೆ ಚೂರು ಬೇಡ, ಬೆರಳು ಕುಯ್ಯುತ್ತದೆ. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಹಲಗೆ ತುಂಡಿನಿಂದ ಒತ್ತಿ, ಒಂದು ದಿನ ಬಿಟ್ಟು ಮುಂದಿನದು ಹಾಕಿ. ಒಂದೇ ದಿನ ತುಂಬಿದರೆ ಎಲ್ಲ ಕಲಸಿ ಗೊಜ್ಜಾಗುತ್ತದೆ.

ಎರೆಮಣ್ಣಿನ ವಿಷಯದಲ್ಲಿ ಹುಷಾರು. ನಮ್ಮ ಸೀಮೆಯ ರೈತರಿಗೆ ಹೇಳಬೇಕಿಲ್ಲ, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬಿರುಕಿನಿಂದ ಮೇಲಿನ ಮಣಿ ಕೆಳಗಿನ ಪದರಕ್ಕೆ ಜಾರಿಬಿಡುತ್ತದೆ. ಎರೆಭೂಮಿಯ ಉತ್ಖನನಗಳಲ್ಲಿ ಇದು ನಿಜವಾದ ತಲೆನೋವೇ. ಟಬ್‌ಗೆ ಹಾಕುವಾಗ ಜರಡಿ ಹಿಡಿದು ಸಮ ಪ್ರಮಾಣ ಮರಳು ಬೆರೆಸಿದರೆ ಬಿರುಕು ನಿಲ್ಲುತ್ತದೆ.

ತುಂಬಿದ ಮೇಲೆ ಒಂದು ಕುತಂತ್ರ ಮಾಡಿ. ಒಂದು ಮೂಲೆಯಲ್ಲಿ ಮೇಲಿನಿಂದ ಬೂದಿ ಪದರದವರೆಗೆ ಎರಡು ಬೆರಳಗಲದ ಗುಂಡಿ ತೋಡಿ, ತಳದಲ್ಲಿ ಪೆನ್ನಿನ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಎಲ್ಲ ಬಣ್ಣದ ಮಣ್ಣು ಕಲಸಿದ್ದರಿಂದಲೇ ಗುಂಡಿ ಮುಚ್ಚಿ. ಕಲ್ಲಿನ ಚಕ್ಕೆಯ ಮಟ್ಟದಲ್ಲಿ ಪೆನ್ನಿನ ಕ್ಯಾಪ್ ಸಿಕ್ಕಾಗ ಮಗು ಏನು ಹೇಳುತ್ತದೆ ಕೇಳಿ. ಹೆಚ್ಚಿನವರು ‘ಇದು ತಪ್ಪಾಗಿ ಬಿದ್ದಿದೆ’ ಎನ್ನುತ್ತಾರೆ. ಹೇಗೆ ಗೊತ್ತು ಎಂದು ಕೇಳಿದರೆ ಪ್ಲಾಸ್ಟಿಕ್ ಎಂಬುದೊಂದೇ ಉತ್ತರ. ಕ್ಯಾಪ್ ಸುತ್ತಲಿನ ಮಣ್ಣು ಮಾತ್ರ ಮೂರು ಬಣ್ಣ ಕಲೆತಿದೆ, ಮೇಲಿನಿಂದ ಒಂದು ದುಂಡು ಗುರುತು ಇಳಿದು ಬಂದಿದೆ ಎಂಬುದನ್ನು ತೋರಿಸಿ. ಕೆಳಗಿದ್ದದ್ದೆಲ್ಲ ಹಳೆಯದು ಎಂಬ ನಿಯಮ ಗುಂಡಿಯ ಮುಂದೆ ನಡೆಯುವುದಿಲ್ಲ. ಈ ಡಬ್ಬದ ಯಾವ ಪುಟದಲ್ಲೂ ಈ ಮಾತಿಲ್ಲ.

ಅಗೆಯುವ ಮುಂಚೆ ದಾರ ಕಟ್ಟಿ 10 ಸೆಂ.ಮೀ.ನ ಆರು ಚೌಕ ಮಾಡಿ. ಐದು ಚೌಕದಲ್ಲೂ ಒಂದು ಪದರ ಮುಗಿಯುವವರೆಗೆ ಯಾವುದರಲ್ಲೂ ಮುಂದಿನ ಪದರಕ್ಕೆ ಇಳಿಯಬಾರದು. ಮಕ್ಕಳು ಒಂದು ವಸ್ತು ಸಿಕ್ಕ ಕಡೆಯೇ ಬಾವಿ ತೋಡುತ್ತಾರೆ, ಈ ನಿಯಮ ಅದಕ್ಕೆ. ಆರನೇ ಚೌಕವನ್ನು ಮುಟ್ಟದೆ ಬಿಡಿ, ಅದರ ಕಡಿದಾದ ಬದಿಯಲ್ಲಿ ನಾಲ್ಕೂ ಪದರ ಗೆರೆಗೆರೆಯಾಗಿ ಕಾಣುತ್ತದೆ. ಡಬ್ಬದ ಉಳಿ ಸುತ್ತಿಗೆ ಇಲ್ಲಿ ಕೆಲಸಕ್ಕೆ ಬಾರವು. ಚಮಚ, ಒಂದಿಂಚಿನ ಬ್ರಷ್, ಹಿಟ್ಟಿನ ಹಳೇ ಜರಡಿ ಸಾಕು. ಪ್ರತಿ ವಸ್ತುವಿಗೂ ನೋಟ್‌ಬುಕ್ಕಿನಲ್ಲಿ ಚೌಕದ ಸಂಖ್ಯೆ, ದಾರದಿಂದ ಆಳ ಎಷ್ಟು ಸೆಂ.ಮೀ., ಮಣ್ಣಿನ ಬಣ್ಣ ಬರೆಸಿ. ಬರೆಯದೆ ಎತ್ತಿದ ವಸ್ತು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಡಿ.

ಇನ್ನು ಡಬ್ಬದ ಒಳ್ಳೆಯ ಭಾಗ. ಇಟ್ಟಿಗೆ ಅಚ್ಚು 2×4×8, ಅಂದರೆ 1:2:4. ಹರಪ್ಪಾ ಕಾಲದ ಇಟ್ಟಿಗೆಯ ಅನುಪಾತವೂ ಅದೇ: ಮನೆಗಳಿಗೆ ಹೆಚ್ಚಾಗಿ 7×14×28 ಸೆಂ.ಮೀ., ಕೋಟೆ ಗೋಡೆಯಂಥ ದೊಡ್ಡ ಕಟ್ಟಡಕ್ಕೆ 10×20×40. ಹರಪ್ಪಾಕ್ಕೂ ಮೊಹೆಂಜೊದಾರೊಗೂ 600 ಕಿ.ಮೀ.ಗಿಂತ ಹೆಚ್ಚು ದೂರ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟಾಗುವುದಿಲ್ಲ. ಅಷ್ಟು ದೂರದ ಎರಡು ಊರಿನಲ್ಲಿ ಒಂದೇ ಅನುಪಾತ. ಅಚ್ಚು ಮಾಡಿದವರಿಗೆ ಪೂರ್ತಿ ಅಂಕ ಕೊಡಬೇಕು, ಏಕೆಂದರೆ ಈ ಅನುಪಾತದ ಗುಟ್ಟು ಗೋಡೆ ಕಟ್ಟಿದಾಗಲೇ ತಿಳಿಯುವುದು. ಒಂದು ಸಾಲಿನಲ್ಲಿ ಇಟ್ಟಿಗೆ ಉದ್ದುದ್ದ, ಮೇಲಿನ ಸಾಲಿನಲ್ಲಿ ಅಡ್ಡಡ್ಡ ಇಟ್ಟರೆ ಎರಡು ಅಡ್ಡ ಇಟ್ಟಿಗೆ ಒಂದು ಉದ್ದ ಇಟ್ಟಿಗೆಗೆ ಸರಿಹೊಂದುತ್ತದೆ, ಸಂದುಗಳು ಒಂದರ ಮೇಲೊಂದು ಬರದೆ ಗೋಡೆ ಬಿಗಿಯಾಗುತ್ತದೆ. ಹರಪ್ಪಾ ಗೋಡೆಗಳನ್ನು ಕಟ್ಟಿದ್ದೂ ಹೀಗೇ. ಮನೆ ಕಟ್ಟುತ್ತಿರುವ ಕಡೆ ಹೋಗಿ ಈಗಿನ ಇಟ್ಟಿಗೆಯನ್ನು ಮಗುವಿನಿಂದಲೇ ಅಳೆಸಿ: ಒಂಬತ್ತು, ನಾಲ್ಕೂವರೆ, ಮೂರು ಇಂಚು ಬಂದರೆ ಉದ್ದ-ಅಗಲದ ಲೆಕ್ಕ ಉಳಿದಿದೆ, ದಪ್ಪದ ಲೆಕ್ಕ ತಪ್ಪಿದೆ ಎಂದು ಅದೇ ಹೇಳುತ್ತದೆ.

ಎಡವಟ್ಟು ಇರುವುದು ಜೇಡಿಮಣ್ಣಿನ ಪ್ರಮಾಣದಲ್ಲಿ. ಒಂದು ಇಟ್ಟಿಗೆಗೆ 64 ಘನ ಸೆಂ.ಮೀ., ಹಸಿ ಮಣ್ಣು ಸುಮಾರು 115 ಗ್ರಾಂ. ಕೊಟ್ಟಿರುವ 250 ಗ್ರಾಂನಲ್ಲಿ ಎರಡು ಇಟ್ಟಿಗೆ! ಎರಡು ಇಟ್ಟಿಗೆಯಲ್ಲಿ ಯಾವ ಊರು ಕಟ್ಟುವುದು? ಮೂರು ಸಾಲಿನ ಸಣ್ಣ ಗೋಡೆಗೂ ಇಪ್ಪತ್ತು ಬೇಕು, ಅಂದರೆ ಎರಡೂಕಾಲು ಕೆ.ಜಿ. ಮೇಲೆ. ಡಬ್ಬದ ಮಣ್ಣನ್ನು ಮುದ್ರೆಗೆ ಉಳಿಸಿಕೊಳ್ಳಿ. ಇಟ್ಟಿಗೆಗೆ ಜರಡಿ ಹಿಡಿದ ಕೆಮ್ಮಣ್ಣು ಮೂರು ಪಾಲು, ಮರಳು ಒಂದು ಪಾಲು, ಒಂದು ಹಿಡಿ ಸಣ್ಣಗೆ ಕತ್ತರಿಸಿದ ಒಣಹುಲ್ಲು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ರಾಗಿ ಮುದ್ದೆಯ ಹದಕ್ಕೆ ತಂದು ರಾತ್ರಿಯಿಡೀ ಒದ್ದೆ ಗೋಣಿ ಮುಚ್ಚಿಡಿ. ಅಚ್ಚಿಗೆ ಪ್ರತಿ ಸಲವೂ ಬೂದಿ ಉದುರಿಸಿ, ಇಲ್ಲವಾದರೆ ಮೂಲೆ ಅಚ್ಚಿನಲ್ಲೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ನೇರ ಇಟ್ಟರೆ ಮೇಲ್ಮೈ ಬೇಗ ಒಣಗಿ ಒಳಗು ಹಸಿ ಉಳಿದು ನಡುವೆ ಸೀಳುತ್ತದೆ. ಎರಡು ದಿನ ನೆರಳು, ಆಮೇಲೆ ಮಗ್ಗುಲು ಬದಲಿಸುತ್ತ ಬಿಸಿಲು. ಒಣಗಿದ ಮೇಲೆ ಅಳತೆ ತುಸು ಕುಗ್ಗುತ್ತದೆ, ಅನುಪಾತ ಹಾಗೇ ಉಳಿಯುತ್ತದೆ, ಅಳೆದು ನೋಡಲಿ.

ಇಟ್ಟಿಗೆ ಮಿಕ್ಕರೆ ಮೊಹೆಂಜೊದಾರೊದ ಸ್ನಾನದ ಕೊಳಕ್ಕೆ ಕೈ ಹಾಕಬಹುದು. ಅದು ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಐವತ್ತರಲ್ಲಿ ಒಂದರಂತೆ ಮಾಡಿದರೆ 24×14×5 ಸೆಂ.ಮೀ., ಶೂ ಡಬ್ಬದ ತಳದಷ್ಟು. ನೀರಿನ ಲೆಕ್ಕವನ್ನೂ ಮಾಡಿಸಿ: ತುಂಬಿದರೆ ಎರಡು ಲಕ್ಷ ಲೀಟರ್. ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರ್ ಟ್ಯಾಂಕರ್ ನಲವತ್ತು ಬೇಕು. ಸೋರದಂತೆ ಅವರು ಇಟ್ಟಿಗೆಯ ಸಂದಿಗೆ ಜಿಪ್ಸಮ್ ಗಾರೆ ಹಾಕಿ, ಹಿಂದೆ ನೈಸರ್ಗಿಕ ಡಾಂಬರು ಬಳಿದಿದ್ದರು. ಮನೆಯಲ್ಲಿ ಡಾಂಬರು ಕಾಯಿಸುವ ಸಾಹಸ ಬೇಡ, ಪ್ಲಾಸ್ಟಿಕ್ ಹಾಳೆ ಹಾಸಿ.

ಮುದ್ರೆಯ ಅಚ್ಚಿಗೆ ಬಂದರೆ, ಅದು ತಲೆಕೆಳಗಾಗಿದೆ. ಮಣ್ಣು ತುಂಬಿ ತೆಗೆದರೆ ಪ್ರಾಣಿ, ಅಕ್ಷರ ಉಬ್ಬಿ ಬರುತ್ತವೆ. ನೋಡಲು ಚೆಂದ, ಒತ್ತಲು ಬಾರದು. ಹರಪ್ಪಾ ಮುದ್ರೆಯಲ್ಲಿ ಚಿತ್ರ ತಗ್ಗಾಗಿ ಕೊರೆದಿರುತ್ತದೆ, ಒದ್ದೆ ಮಣ್ಣಿಗೆ ಒತ್ತಿದಾಗ ಉಬ್ಬುತ್ತದೆ. ಡಬ್ಬದ ಅಚ್ಚು ಕೊಡುವುದು ಮುದ್ರೆಯನ್ನಲ್ಲ, ಅದರ ಗುರುತನ್ನು. ರಿಪೇರಿ ಸುಲಭ: ಅಚ್ಚಿನಿಂದ ತೆಗೆದದ್ದನ್ನು ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಒಂದೂವರೆ ಸೆಂ.ಮೀ. ದಪ್ಪದ ಹೊಸ ಮಣ್ಣಿನ ಚೌಕಕ್ಕೆ ಒತ್ತಿ. ಆ ಚೌಕ ಒಣಗಿದರೆ ಅದೇ ನಿಮ್ಮ ಮುದ್ರೆ. ಹಿಂಬದಿಗೆ ಗುಬ್ಬಿಯಂತೆ ಒಂದು ಉಂಡೆ ಅಂಟಿಸಿ ತೂತು ಮಾಡಲು ಮರೆಯಬೇಡಿ, ಮೂಲದಲ್ಲಿ ದಾರ ಪೋಣಿಸುತ್ತಿದ್ದದ್ದು ಅಲ್ಲಿ.

ಇನ್ನೂ ಒಳ್ಳೆಯದು ಕೊರೆಯುವುದೇ. ಮೂಲ ಮುದ್ರೆಗಳು ಬಳಪದ ಕಲ್ಲಿನವು, ಉಗುರಿಗೂ ಗೀಚುವಷ್ಟು ಮೆತ್ತಗಿನ ಕಲ್ಲು. ಕೊರೆದಾದ ಮೇಲೆ ಸುಟ್ಟು ಗಟ್ಟಿ ಮಾಡುತ್ತಿದ್ದರು, ಮೇಲ್ಮೈ ಬೆಳ್ಳಗಾಗುತ್ತಿತ್ತು. ಮನೆಯಲ್ಲಿ ಬಟ್ಟೆ ಸೋಪಿನ ಬಾರ್‌ನಿಂದ 3×3 ಸೆಂ.ಮೀ. ತುಂಡು ಕತ್ತರಿಸಿ ಕಂಪಾಸಿನ ಮೊನೆಯಲ್ಲಿ ಕೊರೆಸಿ. ಹೊಸ ಸೋಪು ಅಂಟಂಟಾಗಿ ಅಂಚು ಕೀಳುತ್ತದೆ, ಬಿಚ್ಚಿ ಒಂದು ವಾರ ಗಾಳಿಗಿಟ್ಟದ್ದು ಸರಿಯಾದ ಹದ. ಮಗು ಮೊದಲ ಮುದ್ರೆಯಲ್ಲಿ ತನ್ನ ಹೆಸರನ್ನು ನೆಟ್ಟಗೆ ಬರೆಯುತ್ತದೆ, ಒತ್ತಿದಾಗ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದೆ. ಬರಲಿ ಬಿಡಿ, ಮುಂಚೆ ಹೇಳಿ ಆ ಮಜಾ ಕೆಡಿಸಬೇಡಿ. ಹರಪ್ಪಾ ಕೊರೆಯುವವರೂ ಉಲ್ಟಾ ಕೊರೆದರು. ಒತ್ತಿದ ಮೇಲೆ ಸಾಲು ಹೆಚ್ಚಾಗಿ ಬಲದಿಂದ ಎಡಕ್ಕೆ ಸಾಗುತ್ತದೆ.

ಪುಸ್ತಿಕೆ ಮುದ್ರೆಗಳನ್ನು ‘ಆ ಕಾಲದ ಹಣ’ ಎನ್ನುತ್ತದೆ. ತಪ್ಪು. ಗುಜರಾತಿನ ಲೋಥಲ್‌ನ ಉಗ್ರಾಣದಲ್ಲಿ ಸಿಕ್ಕ ಮಣ್ಣಿನ ಮುದ್ರೆಗುರುತುಗಳ ಹಿಂಬದಿಯಲ್ಲಿ ಹಗ್ಗ, ಚಾಪೆ, ಬಟ್ಟೆಯ ಅಚ್ಚು ಮೂಡಿದೆ. ಸರಕಿನ ಕಟ್ಟಿನ ಗಂಟಿಗೆ ಮಣ್ಣು ಮೆತ್ತಿ ಒತ್ತುತ್ತಿದ್ದರು, ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಮಣ್ಣು ಒಡೆದು ಗುಟ್ಟು ರಟ್ಟಾಗುತ್ತಿತ್ತು. ಲೋಥಲ್ ಅಗೆಸಿದ ಎಸ್.ಆರ್. ರಾವ್ ಕನ್ನಡಿಗರು, ಇದನ್ನೂ ಮಗುವಿಗೆ ಹೇಳಬಹುದು. ಪ್ರಯೋಗಕ್ಕೆ ಮಂಡಕ್ಕಿ ಪೊಟ್ಟಣವೊಂದನ್ನು ಸೆಣಬಿನ ದಾರದಿಂದ ಕಟ್ಟಿ, ಗಂಟಿನ ಮೇಲೆ ನಿಂಬೆಕಾಯಿಯಷ್ಟು ಮಣ್ಣು ಮೆತ್ತಿ ಸೋಪಿನ ಮುದ್ರೆ ಒತ್ತಿಸಿ. ಒಣಗಿದ ಮೇಲೆ ಬಿಡಿಸಿ ಹಿಂಬದಿ ನೋಡಿದರೆ ದಾರದ ಎಳೆ ಎಳೆಯೂ ಮೂಡಿರುತ್ತದೆ.

ತಕ್ಕಡಿಯ ಘನಗಳು ಒಂದು ಮೋಸ. 1, 2, 4, 8, 16 ಎಂದು ಮೇಲೆ ಅಚ್ಚು ಹಾಕಿದ್ದಾರೆ, ಆದರೆ ಐದೂ ಒಂದೇ ಗಾತ್ರ, ಒಂದೇ ಮರ. ತೂಗಿದರೆ ಎಲ್ಲವೂ ಹೆಚ್ಚುಕಮ್ಮಿ ಸಮ! ಹರಪ್ಪಾ ತೂಕದ ಕಲ್ಲುಗಳು ನಯವಾಗಿ ಉಜ್ಜಿದ ಘನಗಳು, ಸಣ್ಣ ಕಲ್ಲುಗಳಲ್ಲಿ ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಹದಿನಾರರ ಕಲ್ಲು ಸುಮಾರು 13.7 ಗ್ರಾಂ. ಇದನ್ನು ಮಾಡಲು ಬೇರೆ ತೂಕದ ಬಟ್ಟೇ ಬೇಡ ಎಂಬುದು ಸೊಗಸು. 55 ಗ್ರಾಂ ಜೇಡಿಮಣ್ಣಿನಿಂದ ಶುರುಮಾಡಿ. ಎರಡು ಭಾಗ ಮಾಡಿ ಎರಡು ತಟ್ಟೆಗೆ ಹಾಕಿ ಸಮವಾಗುವವರೆಗೆ ಅಲ್ಲಿಂದಿಲ್ಲಿಗೆ ಚಿವುಟಿ ಹಾಕಿ. ಒಂದನ್ನು ಎತ್ತಿಟ್ಟು ಇನ್ನೊಂದನ್ನು ಮತ್ತೆ ಅರ್ಧ ಮಾಡಿ. 27.5, 13.75, 6.9, 3.4, 1.7, ಕೊನೆಗೆ 0.86 ಗ್ರಾಂ. ಹೀಗೆ ಆರು ಸಲ ಅರ್ಧ ಮಾಡಿದರೆ ಒಂದರ ಕಲ್ಲು ಕೈಗೆ ಬರುತ್ತದೆ. ಕೊನೆಯಲ್ಲಿ ಸಮನಾದ ಎರಡು ಒಂದರ ತುಂಡು ಉಳಿಯುತ್ತದೆ, ಒಂದು ಸಾಕು. ಮೊದಲಿನ ಇಡೀ ಉಂಡೆ ಹಂಚಿಹೋಗಿರುವುದರಿಂದ ಅರವತ್ತನಾಲ್ಕರ ಕಲ್ಲನ್ನು, ಒಂದರ ತುಂಡು ಎರಡೂ ಸೇರಿ ಇವೆಲ್ಲವನ್ನೂ ಒಂದು ತಟ್ಟೆಗಿಟ್ಟು ಎದುರು ಹೊಸ ಮಣ್ಣು ತೂಗಿ ಮಾಡಿಕೊಳ್ಳಿ. ಎಲ್ಲವನ್ನೂ ಒಟ್ಟಿಗೇ ಒಣಗಿಸಬೇಕು, ನೀರು ಆರಿ ತೂಕ ಇಳಿಯುವುದು ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿರಲಿ. ಈ ಏಳು ಕಲ್ಲಿನಲ್ಲಿ 1ರಿಂದ 127ರವರೆಗೆ ಯಾವ ತೂಕವನ್ನಾದರೂ ತೂಗಬಹುದು. ಹೇಗೆಂದು ಮಗುವೇ ಕಂಡುಕೊಳ್ಳಲಿ, ಗಣಿತದ ಮೇಷ್ಟ್ರು ಖುಷಿಪಡುತ್ತಾರೆ.

ತಕ್ಕಡಿಯ ದಂಡ ನಡುವಿನ ದಪ್ಪ ಪ್ಲಾಸ್ಟಿಕ್ ಕಡ್ಡಿಯಲ್ಲಿ ಉಜ್ಜಿ ಹಿಡಿದುಕೊಳ್ಳುತ್ತದೆ, ಎರಡು ಗ್ರಾಂ ವ್ಯತ್ಯಾಸಕ್ಕೂ ಅಲುಗುವುದಿಲ್ಲ. ಆ ಕಡ್ಡಿ ತೆಗೆದು ಗೋಣಿ ಹೊಲಿಯುವ ದಬ್ಬಳ ತೂರಿಸಿ. ಆಮೇಲೆ ತಟ್ಟೆಯಲ್ಲಿರುವುದನ್ನು ಎಡಬಲ ಬದಲಿಸಿ ನೋಡಿ, ಎರಡೂ ಸಲ ಸಮ ನಿಂತರೆ ತಕ್ಕಡಿ ಸರಿ. ಒಂದು ಕಡೆ ವಾಲಿದರೆ ಹಗುರ ತಟ್ಟೆಯ ತಳಕ್ಕೆ ಚೂರು ಮೇಣ ಅಂಟಿಸಿ.

ನಕ್ಷೆ ಪರವಾಗಿಲ್ಲ, ಧೋಲಾವೀರಾವನ್ನು ಕಛ್‌ನಿಂದ ಎತ್ತಿ ರಾಜಸ್ಥಾನದಲ್ಲಿಟ್ಟಿದ್ದಾರೆ, ಪೆನ್ನಿನಲ್ಲಿ ತಿದ್ದಿ. ಆದರೆ ನಕ್ಷೆ ಗುಜರಾತಿನ ಕೆಳಗೆ ಖಾಲಿ. ‘ಆಗ ನಮ್ಮೂರಲ್ಲಿ ಯಾರೂ ಇರಲಿಲ್ವಾ?’ ಎಂದು ಮಗು ಕೇಳಿಯೇ ಕೇಳುತ್ತದೆ. ಇದ್ದರು. ಕ್ರಿ.ಪೂ. 2600ರಿಂದ 1900ರವರೆಗೆ ಅಲ್ಲಿ ಇಟ್ಟಿಗೆಯ ಊರುಗಳು ಮೆರೆಯುತ್ತಿದ್ದಾಗ ಇಲ್ಲಿ ದನ ಸಾಕುವ, ಕಲ್ಲುಕೊಡಲಿ ಉಜ್ಜುವ ಜನ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ನೆಲೆಸಿದ್ದರು. ಸಗಣಿಯ ರಾಶಿ ಸುಟ್ಟು ಉಳಿದ ಬೂದಿದಿಬ್ಬಗಳು ಕುಡತಿನಿಯಲ್ಲಿ, ಬೂದಿಹಾಳದಲ್ಲಿ ಇವೆ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕೊಡಲಿ ಮಾಡುತ್ತಿದ್ದ ಜಾಗವೇ ಇದೆ. ಆ ಹೆಸರುಗಳನ್ನು ಚೀಟಿಯಲ್ಲಿ ಬರೆದು ನಕ್ಷೆಗೆ ಅಂಟಿಸಿ. ಟಬ್ಬಿನ ಬೂದಿ ಪದರ ಯಾವುದಕ್ಕೆಂದು ಆಗ ತಿಳಿಯುತ್ತದೆ.

ಪುಸ್ತಿಕೆಯ ಕೊನೆಯ ಪುಟವನ್ನು ಮಗುವಿಗೆ ಹಾಗೇ ಓದಲು ಬಿಡಬೇಡಿ. ಹೊರಗಿನಿಂದ ಬಂದ ಸೇನೆ ಒಂದೇ ಏಟಿಗೆ ಊರುಗಳನ್ನು ನಾಶ ಮಾಡಿತು ಎಂದು ಚಿತ್ರ ಸಮೇತ ಹಾಕಿದ್ದಾರೆ. ಮೊಹೆಂಜೊದಾರೊದಲ್ಲಿ ಸಿಕ್ಕ ಕೆಲವು ಅಸ್ಥಿಪಂಜರ ನೋಡಿ ಈ ಕಥೆಗೆ ಬಲ ಕೊಟ್ಟವರು ಬ್ರಹ್ಮಗಿರಿ ಅಗೆಸಿದ ಅದೇ ವ್ಹೀಲರ್. ಆ ಅಸ್ಥಿಗಳು ಒಂದೇ ಕಾಲದ ಪದರದವಲ್ಲ ಎಂದು 1964ರಲ್ಲಿ ಅಮೆರಿಕದ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ತೋರಿಸಿದ ಮೇಲೆ ಹತ್ಯಾಕಾಂಡದ ವಾದ ಬಿದ್ದುಹೋಯಿತು. ಇಲ್ಲೂ ತೀರ್ಪು ಕೊಟ್ಟದ್ದು ಪದರವೇ. ಲಿಪಿಯನ್ನು ‘ಓದಲಾಗಿದೆ’ ಎಂಬ ಸಾಲನ್ನೂ ಹೊಡೆದುಹಾಕಿ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿ ಓದಲು ಎರಡು ಲಿಪಿಯ ನಾಣ್ಯಗಳು ನೆರವಾದವು. ಹರಪ್ಪಾ ಲಿಪಿಗೆ ಅಂಥ ಜೋಡಿ ಬರಹ ಈವರೆಗೆ ಸಿಕ್ಕಿಲ್ಲ, ಬರಹಗಳೂ ಸರಾಸರಿ ಐದು ಚಿಹ್ನೆಯಷ್ಟು ಚಿಕ್ಕವು.

ಡಬ್ಬದ ಜೊತೆ ಒಂದು ಭಾನುವಾರ ಸೇರಿಸುವುದಾದರೆ ದಾವಣಗೆರೆಯಿಂದ ಚಿತ್ರದುರ್ಗ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ರಂಗಯ್ಯನಬಾಗಿಲ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯ ನೋಡಿಕೊಂಡು ಚಂದ್ರವಳ್ಳಿಗೆ ಹೋಗಿ. ಅಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅಗೆಸಿದಾಗ ಸಾತವಾಹನರ ಜೊತೆ ರೋಮ್‌ನ ನಾಣ್ಯವೂ ಸಿಕ್ಕಿತ್ತು. ದೊಡ್ಡ ಮಕ್ಕಳಾದರೆ ಬ್ರಹ್ಮಗಿರಿಯ ಅಶೋಕನ ಶಾಸನ ತೋರಿಸಿ: ಪೂರ್ತಿ ಬ್ರಾಹ್ಮಿಯಲ್ಲಿದೆ, ಕೊನೆಯಲ್ಲಿ ಬರೆದ ಚಪಡ ಮಾತ್ರ ತಾನು ಲಿಪಿಕಾರ ಎಂಬುದನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಹಾಕಿದ್ದಾನೆ. ಈ ಜಾಗಗಳಲ್ಲಿ ಮಡಕೆ ಚೂರು ಕಣ್ಣಿಗೆ ಬಿದ್ದರೆ ಎತ್ತಿ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಕಾನೂನೂ ಒಪ್ಪುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಸಿ.

ಕೊಳ್ಳಬೇಕೇ? ಪೂರ್ತಿ ಬೆಲೆಗೆ ಬೇಡ. ಏಳೆಂಟು ನೂರಕ್ಕೆ ಸಿಕ್ಕರೆ ಇಟ್ಟಿಗೆ ಅಚ್ಚು, ತಕ್ಕಡಿ, ನಕ್ಷೆಗಾಗಿ ತೆಗೆದುಕೊಳ್ಳಬಹುದು. ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಎರಡು ನೋಡಿ: ತಕ್ಕಡಿಯ ದಂಡ ಬಾಗಿದೆಯೇ, ಜೇಡಿಮಣ್ಣಿನ ಪೊಟ್ಟಣ ಒತ್ತಿದರೆ ಮೆತ್ತಗಿದೆಯೇ. ಗಟ್ಟಿಯಾಗಿದ್ದರೆ ಹಳೇ ಸ್ಟಾಕು, ನೀರಲ್ಲಿ ನೆನೆಸಿ ಕಲಸಿ ಹದಕ್ಕೆ ತರಬೇಕಾಗುತ್ತದೆ. ಡಬ್ಬವೇ ಬೇಡ ಎನ್ನುವವರು ಬಡಗಿಗೆ ಹೇಳಿ 2×4×8ರ ಮರದ ಚೌಕಟ್ಟು ಮಾಡಿಸಿ, ಗಣೇಶನ ಮೂರ್ತಿ ಮಾಡುವವರ ಹತ್ತಿರ ಐದು ಕೆ.ಜಿ. ಜೇಡಿಮಣ್ಣು ತನ್ನಿ. ಹಬ್ಬದ ಹಿಂದಿನ ತಿಂಗಳು ಮಾತ್ರ ಹೋಗಬೇಡಿ, ಆಗ ಅವರಿಗೇ ಸಾಲುವುದಿಲ್ಲ.